ದಾರಿ ಕಾಯುವವರು

'ದಾರಿ ಕಾಯುವುದು' ಎಂಬ ನುಡಿಗೆ ಕನ್ನಡದಲ್ಲಿ ರೂಢಿಯಾಗಿರುವ ಅರ್ಥ ಒಂದೇ. ಬರಬೇಕಾದವರನ್ನು ನಿರೀಕ್ಷಿಸುತ್ತ ಕುಳಿತಿರುವುದು. ಪಟ್ಟಣಕ್ಕೆ ಹೋದ ಮಗನ ದಾರಿಯನ್ನು ತಾಯಿ ಕಾಯುತ್ತಾಳೆ. ಮುಂಗಾರಿನ ದಾರಿಯನ್ನು ರೈತ ಕಾಯುತ್ತಾನೆ. ಆದರೆ 'ಕಾಯು' ಎಂಬ ಧಾತುವಿಗೆ ರಕ್ಷಿಸು ಎಂಬ ಇನ್ನೊಂದು ಅರ್ಥವೂ ಇದೆಯಷ್ಟೆ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ, ಹಿಂದಿನವರು ಕೋಟೆ ಕಾಯುತ್ತಿದ್ದರು. ಈ ಎರಡನೆಯ ಅರ್ಥದಲ್ಲಿ ದಾರಿಯನ್ನು ಕಾಯುವವರು ಯಾರಾದರೂ ಇದ್ದಾರೆಯೆ? ಅದರಲ್ಲಿಯೂ ಎಲ್ಲರಿಗೂ ಸೇರಿದ ಕಾಡುಬೆಟ್ಟಗಳ ನಡುವೆ, ಹೊಟ್ಟೆಪಾಡಿಗಲ್ಲದೆ ಬರಿಯ ಸಂತೋಷಕ್ಕಾಗಿ ಜನರು ನಡೆಯುವ ದಾರಿಯನ್ನು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನಾಲ್ಕು ವರ್ಷಗಳ ಹಿಂದೆ ನಮ್ಮ ಕಾಲೇಜಿನ ನಲವತ್ತೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ಭಾಗದ ಒಂದು ಬೆಟ್ಟಕ್ಕೆ ಹೋಗಿದ್ದೆ. ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಆ ವರ್ಷ ನನ್ನ ಮೇಲೆ ಬಿದ್ದಿತ್ತು. ಬೆಳಗಿನಿಂದ ಸಂಜೆಯವರೆಗೆ ದಾರಿಯುದ್ದಕ್ಕೂ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಹರಿದ ಚಪ್ಪಲಿ ಎಲ್ಲವನ್ನೂ ಆರಿಸಿ ಹನ್ನೊಂದು ಗೋಣಿಚೀಲ ತುಂಬಿದೆವು. ಭಾಷಣವಾಯಿತು; ಫೋಟೋ ತೆಗೆಸಿಕೊಂಡೆವು; ವರದಿ ಕಳುಹಿಸಿದೆವು. ಬಸ್ಸು ಹತ್ತುವ ಹೊತ್ತಿನಲ್ಲಿ, ತಪ್ಪಲಿನಲ್ಲಿ ಮಜ್ಜಿಗೆ ಮಾರುವ ಒಬ್ಬ ಮುದುಕ ಹತ್ತಿರ ಬಂದು, "ಇನ್ನೊಂದ್ ಕಿತ ಯಾವಾಗ ಬತ್ತೀರಾ ಮೇಷ್ಟ್ರೇ?" ಎಂದು ಕೇಳಿದ. ಕುಹಕವಾಗಿ ಕೇಳಲಿಲ್ಲ; ತಿಳಿಯಬೇಕೆಂದೇ ಕೇಳಿದ. "ಬರೋಣ, ಬರೋಣ" ಎಂದೆ. ಹೋಗಲಿಲ್ಲ. ಮರುವರ್ಷ ಸ್ವಂತ ಕೆಲಸಕ್ಕಾಗಿ ಅದೇ ದಾರಿಯಲ್ಲಿ ಹಾದುಹೋದಾಗ, ನಾವು ತುಂಬಿಟ್ಟ ಚೀಲಗಳಲ್ಲಿ ನಾಲ್ಕೈದು ಬಸ್ ನಿಲ್ದಾಣದ ಹಿಂದೆ ಒಡೆದು ಬಿದ್ದಿದ್ದುವು. ಬೆಟ್ಟದ ದಾರಿ ಮೊದಲಿನಂತೆಯೇ ಇತ್ತು.

ಆ ಮುದುಕನ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಪ್ರಪಂಚದಲ್ಲಿ ಎಲ್ಲಿಯಾದರೂ ಇದ್ದಾರೆಯೇ ಎಂದು ಹುಡುಕುತ್ತ ಹೊರಟ ನನ್ನ ಓದು, ಅಮೆರಿಕಾ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಹಳೆಯ ಪರ್ವತಶ್ರೇಣಿಯ ನೆತ್ತಿಯ ಮೇಲೆ ಹಾಯ್ದಿರುವ ಒಂದು ಕಾಲುದಾರಿಗೆ ನನ್ನನ್ನು ಕೊಂಡೊಯ್ಯಿತು. ದಕ್ಷಿಣದ ಜಾರ್ಜಿಯಾ ಸಂಸ್ಥಾನದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ಸಂಸ್ಥಾನದ ಕಟಾಡಿನ್ ಶಿಖರದವರೆಗೆ, 14 ಸಂಸ್ಥಾನಗಳನ್ನು ದಾಟಿ, ಅದು ಸುಮಾರು 3,500 ಕಿಲೋಮೀಟರು ಸಾಗುತ್ತದೆ. ಕನ್ಯಾಕುಮಾರಿಯಿಂದ ಹೊರಟವನು ಕಾಶ್ಮೀರವನ್ನು ಮುಟ್ಟುವಷ್ಟು ದೂರ. ಇಷ್ಟುದ್ದದ ದಾರಿಯನ್ನು ಇಂದಿಗೂ ಬಹುಮಟ್ಟಿಗೆ ಕಾಯುತ್ತಿರುವವರು ಸಂಬಳದ ನೌಕರರಲ್ಲ. ಊರೂರಿನ ಸಂಘಗಳ ಸ್ವಯಂಸೇವಕರು.

ದುಃಖದ ವರ್ಷದಲ್ಲಿ ಹುಟ್ಟಿದ ದಾರಿ

ಈ ದಾರಿಯನ್ನು ಮೊದಲು ಕಂಡವನು ಬೆಂಟನ್ ಮೆಕೈ ಎಂಬ ಅರಣ್ಯಶಾಸ್ತ್ರಜ್ಞ. 1921ರ ಏಪ್ರಿಲ್ ತಿಂಗಳಲ್ಲಿ ಅವನ ಹೆಂಡತಿ ಜೆಸ್ಸಿ ನ್ಯೂಯಾರ್ಕಿನಲ್ಲಿ ನದಿಗೆ ಬಿದ್ದು ಪ್ರಾಣ ಕಳೆದುಕೊಂಡಳು. ಆಕೆ ಸ್ತ್ರೀಯರ ಮತದ ಹಕ್ಕಿಗಾಗಿ ಹೋರಾಡಿದವಳು. ಆ ಆಘಾತದಿಂದ ಕುಸಿದಿದ್ದ ಮೆಕೈಯನ್ನು ಗೆಳೆಯನೊಬ್ಬ ಹಳ್ಳಿಗಾಡಿಗೆ ಕರೆದೊಯ್ದು, ಬಹುಕಾಲದಿಂದ ಮನಸ್ಸಿನಲ್ಲಿದ್ದ ಯೋಜನೆಯನ್ನು ಬರೆಯುವಂತೆ ಒತ್ತಾಯಿಸಿದ. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಆ ಲೇಖನ ಅಚ್ಚಾಯಿತು.

ಕಾರ್ಖಾನೆಯ ಹೊಗೆಯಲ್ಲಿ ಬದುಕುವ ನಗರದ ಕೂಲಿಗೆ ವರ್ಷದಲ್ಲಿ ಕೆಲವು ದಿನಗಳಾದರೂ ಬೆಟ್ಟದ ಗಾಳಿ ದೊರೆಯಬೇಕು. ಪೂರ್ವತೀರದ ಮಹಾನಗರಗಳಿಗೆಲ್ಲ ಒಂದು ದಿನದ ಪ್ರಯಾಣದೊಳಗೆ ಒಂದು ಉದ್ದನೆಯ ಅರಣ್ಯಮಾರ್ಗ ಇರಬೇಕು. ಅದನ್ನು ಲಾಭಕ್ಕಾಗಿ ನಡೆಸದೆ ಜನರೇ ಕೂಡಿ ಕಟ್ಟಿ ನೋಡಿಕೊಳ್ಳಬೇಕು. ಇದು ಅವನ ಆಶಯದ ಸಾರಾಂಶ. ದಾರಿಯ ಜೊತೆಗೆ ತಂಗುದಾಣಗಳನ್ನೂ, ನಗರ ಬಿಟ್ಟು ಬಂದವರು ಬೇಸಾಯ ಮಾಡಿಕೊಂಡಿರಬಹುದಾದ ಶಿಬಿರಗಳನ್ನೂ ಅವನು ಕಲ್ಪಿಸಿಕೊಂಡಿದ್ದ. ಬೇಸಾಯದ ಶಿಬಿರಗಳು ಕೈಗೂಡಲಿಲ್ಲ. ದಾರಿ ಮತ್ತು ತಂಗುದಾಣ ಉಳಿದುವು.

ಕಲ್ಪನೆ ಕಾಗದದ ಮೇಲೆ ಬಹಳ ದಿನ ಉಳಿಯಲಿಲ್ಲ. 1923ರಲ್ಲಿ ನ್ಯೂಯಾರ್ಕಿನ ಬೇರ್ ಬೆಟ್ಟದ ಬಳಿ, ಈ ದಾರಿಗೆಂದೇ ಕಡಿದ ಮೊದಲ ಭಾಗ ತೆರೆಯಿತು. 1925ರ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿ ಒಂದು ಕೇಂದ್ರ ಸಂಸ್ಥೆಯನ್ನು ಕಟ್ಟಿದರು. ಅಷ್ಟಾದ ಮೇಲೆ ಉತ್ಸಾಹ ತಣ್ಣಗಾಯಿತು. ಸಭೆ, ಠರಾವು, ಭಾಷಣಗಳ ಬಳಿಕ ಉತ್ಸಾಹ ತಣ್ಣಗಾಗುವುದು ನಮ್ಮ ದೇಶಕ್ಕೆ ಮಾತ್ರ ಮೀಸಲಾದ ಗುಣವಲ್ಲವೆಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು.

ಚಕ್ರ ಉರುಳಿಸಿದ ವಕೀಲ

ಕಲ್ಪನೆಯನ್ನು ನೆಲಕ್ಕಿಳಿಸಿದವನು ಮೈರನ್ ಏವರಿ. ಹಡಗುಗಳ ವ್ಯಾಜ್ಯ ನೋಡುತ್ತಿದ್ದ ಒಬ್ಬ ವಕೀಲ. 1931ರಿಂದ 1952ರವರೆಗೆ ಅವನು ಆ ಸಂಸ್ಥೆಯ ಅಧ್ಯಕ್ಷನಾಗಿದ್ದ. ಸೈಕಲ್ಲಿನ ಗಾಲಿಯಂತಹ ಒಂದು ಅಳತೆಯ ಚಕ್ರವನ್ನು ಮುಂದಕ್ಕೆ ಉರುಳಿಸುತ್ತ, ರಜೆಯ ದಿನಗಳಲ್ಲೆಲ್ಲ ನಡೆದು, 1936ರ ಹೊತ್ತಿಗೆ ಇಡೀ ದಾರಿಯನ್ನು ತುಂಡುತುಂಡಾಗಿ ಮುಗಿಸಿದ ಮೊದಲಿಗನಾದ. ಅವನ ನಿಜವಾದ ಸಾಧನೆ ಈ ನಡಿಗೆಯಲ್ಲ, ಸಂಘಗಳನ್ನು ಕಟ್ಟಿದುದು. ಎಲ್ಲಿ ಸಂಘವಿಲ್ಲವೋ ಅಲ್ಲಿ ಹೊಸದನ್ನು ಹುಟ್ಟುಹಾಕಿ, 'ಇಷ್ಟು ಮೈಲಿ ನಿಮ್ಮದು' ಎಂದು ಗೊತ್ತುಪಡಿಸಿ ಒಪ್ಪಿಸಿದ. ಕಟ್ಟುವುದು ಸುಲಭ, ಕಟ್ಟಿದುದನ್ನು ಕಾಪಾಡುವುದೇ ಕಷ್ಟವೆಂಬುದನ್ನು ಅವನು ಬಲ್ಲವನಾಗಿದ್ದ. 1937ರ ಆಗಸ್ಟ್ 14ರಂದು ಮೇನ್ ಸಂಸ್ಥಾನದ ಕಾಡಿನಲ್ಲಿ, ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯ ಯುವಕರು ಕೊನೆಯ ಕೊಂಡಿಯನ್ನು ಕಡಿದು ಸೇರಿಸಿದಾಗ ದಾರಿ ಅಖಂಡವಾಯಿತು.

ಮೆಕೈಗೂ ಏವರಿಗೂ ಅಷ್ಟರಲ್ಲಿಯೇ ಮನಸ್ಸು ಮುರಿದಿತ್ತು. ವರ್ಜೀನಿಯಾದಲ್ಲಿ ಸರ್ಕಾರ ಬೆಟ್ಟದ ನೆತ್ತಿಯ ಮೇಲೆಯೇ ಮೋಟಾರು ರಸ್ತೆಯನ್ನು ಹಾಕಲು ಹೊರಟು, ಕಾಲುದಾರಿಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ರಸ್ತೆ ಬಂದರೆ ಕಾಡಿನ ಏಕಾಂತವೇ ಹೋಯಿತೆಂದು ಮೆಕೈ ಸಿಡಿದೆದ್ದ. ಸರ್ಕಾರದೊಡನೆ ಜಗಳವಾಡಿ ದಾರಿಯನ್ನೇ ಕಳೆದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಹೊಸ ದಾರಿ ಕಡಿಯುವುದು ಲೇಸೆಂದು ಏವರಿ ವಾದಿಸಿದ. ಆಮೇಲೆ ಇಬ್ಬರೂ ಒಂದಾಗಿ ಕೆಲಸ ಮಾಡಲಿಲ್ಲ. ಒಬ್ಬ 1952ರಲ್ಲಿ ತೀರಿಕೊಂಡ. ಇನ್ನೊಬ್ಬ 96 ವರ್ಷ ಬದುಕಿ 1975ರಲ್ಲಿ ಕಣ್ಣುಮುಚ್ಚಿದ. ಯಾರ ಮಾತು ಸರಿಯೆಂದು ತೀರ್ಪು ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಕಂಡವನೊಬ್ಬ, ಕಾದವನೊಬ್ಬ; ಇಬ್ಬರಲ್ಲಿ ಒಬ್ಬನಿಲ್ಲದಿದ್ದರೂ ಆ ದಾರಿ ಇರುತ್ತಿರಲಿಲ್ಲ.

ಕೆಟ್ಟ ದಾರಿ, ನಡೆದ ಮುದುಕಿ

ಮುಗಿದ ದಾರಿ ಮರುವರ್ಷವೇ ಮುರಿಯಿತು. 1938ರ ಚಂಡಮಾರುತ ಈಶಾನ್ಯ ಸಂಸ್ಥಾನಗಳಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ಉರುಳಿಸಿತು. ಅನಂತರ ಎರಡನೆಯ ಮಹಾಯುದ್ಧ ಬಂದಿತು. ದಾರಿ ಸವರುತ್ತಿದ್ದ ಕೈಗಳು ಬಂದೂಕು ಹಿಡಿದುವು. ಕಾಡಿಗೆ ಬಿಡುವಿಲ್ಲ, ಐದಾರು ವರ್ಷ ಕೈಬಿಟ್ಟರೆ ಅದು ತನ್ನ ನೆಲವನ್ನು ತಾನು ಮರಳಿ ಪಡೆಯುತ್ತದೆ. 1948ರಲ್ಲಿ ಅರ್ಲ್ ಶಾಫರ್ ಎಂಬ ಮಾಜಿ ಸೈನಿಕ, ಯುದ್ಧದಲ್ಲಿ ಮಡಿದ ಬಾಲ್ಯದ ಗೆಳೆಯನ ನೆನಪಿನ ಭಾರವನ್ನು ಇಳಿಸಿಕೊಳ್ಳಲೆಂದು ದಕ್ಷಿಣದಿಂದ ಉತ್ತರದವರೆಗೆ ಒಂದೇ ಸಲಕ್ಕೆ ನಡೆದಾಗ, ಎಷ್ಟೋ ಕಡೆ ದಾರಿಯನ್ನು ಹುಡುಕಿಕೊಂಡೇ ಹೋಗಬೇಕಾಯಿತು. ಅಷ್ಟು ದೂರವನ್ನು ಒಂದೇ ಋತುವಿನಲ್ಲಿ ನಡೆಯುವುದು ಸಾಧ್ಯವೆಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿರಲಿಲ್ಲ.

ಏಳು ವರ್ಷಗಳ ತರುವಾಯ, 1955ರಲ್ಲಿ, ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಮುದುಕಿ ಅದನ್ನೇ ಒಬ್ಬಂಟಿಯಾಗಿ ಮಾಡಿ ಮುಗಿಸಿದಳು. ಹನ್ನೊಂದು ಮಕ್ಕಳನ್ನು ಹೆತ್ತು, ಗಂಡನ ಹೊಡೆತಗಳನ್ನು ವರ್ಷಾನುಗಟ್ಟಲೆ ಉಂಡು, ಕೊನೆಗೆ ವಿಚ್ಛೇದನ ಪಡೆದವಳು ಆಕೆ. ಕಾಲಿಗೆ ಕ್ಯಾನ್ವಾಸ್ ಷೂ, ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ. ಅದೇ ಆಕೆಯ ಸಲಕರಣೆ. ಹಿಂದಿನ ವರ್ಷ ಉತ್ತರದ ತುದಿಯಿಂದ ಹೊರಟು, ದಾರಿ ತಪ್ಪಿ, ಅರಣ್ಯದ ಅಧಿಕಾರಿಗಳ ಮಾತಿನಂತೆ ಮನೆಗೆ ಮರಳಿದ್ದವಳು ಈ ಸಲ ದಕ್ಷಿಣದಿಂದ ಹೊರಟು ಗುರಿ ಮುಟ್ಟಿದಳು. ಪತ್ರಿಕೆಯವರು ಮುತ್ತಿಕೊಂಡಾಗ ಆಕೆ ಹೊಗಳಿಕೆಯ ಮಾತಾಡಲಿಲ್ಲ. ಗುರುತುಗಳು ಮಾಸಿಹೋಗಿವೆ, ತಂಗುಮನೆಗಳು ಸುಟ್ಟೋ ಬಿದ್ದೋ ಹೋಗಿವೆ, ಇದು ಇಷ್ಟು ಕೆಟ್ಟಿರುವುದೆಂದು ತಿಳಿದಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ ಎಂಬ ಅರ್ಥದ ಮಾತನ್ನು ಕಡ್ಡಿ ಮುರಿದಂತೆ ಹೇಳಿದಳು. ದೇಶವೆಲ್ಲ ಆ ಮಾತನ್ನು ಓದಿತು. ದಾರಿಯನ್ನು ಪ್ರೀತಿಸುವವರಿಗೆ ಅದಕ್ಕಿಂತ ಹೆಚ್ಚಿನ ಉಪಕಾರವನ್ನು ಯಾರೂ ಮಾಡಿರಲಾರರು. ಆಕೆ ಮುಂದೆ ಇನ್ನೆರಡು ಸಲ ಆ ದಾರಿಯನ್ನು ನಡೆದಳು.

ನೆಲ ಯಾರದು?

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿದಿತ್ತು. ದಾರಿಯ ಸಾಕಷ್ಟು ಭಾಗ ಖಾಸಗಿ ಜಮೀನಿನ ಮೇಲಿತ್ತು. ಒಡೆಯನ ಒಳ್ಳೆಯ ಮನಸ್ಸಿರುವವರೆಗೆ ನಡೆಯಬಹುದು. ಅವನು ಮಾರಿದರೆ, ಮಗನು ಬೇಲಿ ಹಾಕಿದರೆ, ವರ್ಷಗಟ್ಟಲೆ ಬೆವರು ಸುರಿಸಿದವರು ಡಾಂಬರು ರಸ್ತೆಗೆ ಇಳಿಯಬೇಕು. ಪ್ರೀತಿಯೊಂದರಿಂದಲೇ ದಾರಿ ಉಳಿಯುವುದಿಲ್ಲ. ಅದಕ್ಕೆ ಕಾನೂನಿನ ನೆಲ ಬೇಕು. 1968ರ ಅಕ್ಟೋಬರ್ ತಿಂಗಳಲ್ಲಿ ರಾಷ್ಟ್ರೀಯ ಕಾಲುದಾರಿಗಳ ಕಾಯಿದೆ ಜಾರಿಗೆ ಬಂದು, ಅಪಲಾಚಿಯನ್ ದಾರಿ ರಾಷ್ಟ್ರದ ಆಸ್ತಿಯೆನಿಸಿತು. 1978ರಲ್ಲಿ ತಿದ್ದುಪಡಿಯಾಗಿ, ದಾರಿಯ ಇಕ್ಕೆಲದ ಜಮೀನನ್ನು ಕೊಳ್ಳಲು 9 ಕೋಟಿ ಡಾಲರುಗಳ ಅವಕಾಶವಾಯಿತು.

ನನ್ನ ಗಮನವನ್ನು ಹೆಚ್ಚಾಗಿ ಸೆಳೆದುದು ಆ ಮೇಲಿನ ಹೆಜ್ಜೆ. ಸರ್ಕಾರವು ಹಣ ಕೊಟ್ಟು ಜಮೀನನ್ನು ಕೊಂಡಿತು. ಕೊಂಡ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆಯನ್ನು 1984ರಲ್ಲಿ ಒಂದು ಒಪ್ಪಂದದ ಮೂಲಕ ಆ ಸ್ವಯಂಸೇವಕರ ಸಂಸ್ಥೆಗೆ ಒಪ್ಪಿಸಿತು. ನೆಲ ಪ್ರಜೆಗಳದು, ಹಕ್ಕುಪತ್ರ ಸರ್ಕಾರದ್ದು, ಕಾಯುವ ಕೆಲಸ ಸಂಘಗಳದು. ಹಾಗೆಂದು ಸರ್ಕಾರ ಕೈತೊಳೆದುಕೊಳ್ಳಲಿಲ್ಲ. ರಾಷ್ಟ್ರೀಯ ಉದ್ಯಾನ ಇಲಾಖೆ, ಅರಣ್ಯ ಇಲಾಖೆ, ಆಯಾ ಸಂಸ್ಥಾನಗಳ ಅಧಿಕಾರಿಗಳು ಎಲ್ಲರೂ ಸಂಘಗಳ ಜೊತೆಗೆ ಕುಳಿತು ಯೋಜನೆ ಹಾಕುತ್ತಾರೆ. ಅಪರಾಧಿಯನ್ನು ಹಿಡಿಯುವ, ದಂಡ ಹಾಕುವ ಅಧಿಕಾರ ಅಧಿಕಾರಿಗಳದೇ. ದಾರಿ ಎಲ್ಲಿ ತಿರುಗಬೇಕು, ತಂಗುಮನೆ ಎಲ್ಲಿರಬೇಕು ಎಂದು ನಿರ್ಣಯಿಸುವಾಗ ಮಾತ್ರ ಗುದ್ದಲಿ ಹಿಡಿದವನ ಮಾತಿಗೂ ಬೆಲೆಯಿದೆ.

ಇದು ಮೂಲತಃ ನೀರಿನ ಕೆಲಸ

ಕಾಯುವುದೆಂದರೇನು? ಕಸ ಹೆಕ್ಕುವುದೆಂದು ನಾನು ತಿಳಿದಿದ್ದೆ. ಅದು ಅತ್ಯಲ್ಪ ಭಾಗ. ದಾರಿಗೆ ಮನುಷ್ಯನ ಕಾಲಿಗಿಂತ ದೊಡ್ಡ ವೈರಿ ನೀರು. ಸಾವಿರಾರು ಕಾಲುಗಳು ತುಳಿದು ಹುಲ್ಲು ಸತ್ತ ನೆಲದಲ್ಲಿ ಮಳೆಯ ನೀರು ಓಡತೊಡಗಿದರೆ ದಾರಿಯೇ ಹಳ್ಳವಾಗುತ್ತದೆ. ಹಳ್ಳದಲ್ಲಿ ನಡೆಯಲಾರದೆ ಜನರು ಪಕ್ಕಕ್ಕೆ ಸರಿಯುತ್ತಾರೆ. ಅಲ್ಲಿಯೂ ಹುಲ್ಲು ಸತ್ತು ಎರಡನೆಯ ಹಳ್ಳವಾಗುತ್ತದೆ. ಇದನ್ನು ತಡೆಯಲು ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಕಲ್ಲನ್ನೋ ಮರದ ದಿಮ್ಮಿಯನ್ನೋ ಹೂತು ನೀರನ್ನು ಇಳಿಜಾರಿನ ಕಡೆಗೆ ತಿರುಗಿಸುತ್ತಾರೆ. ಆ ಅಡ್ಡಗಟ್ಟೆಯ ಹಿಂದೆ ಎಲೆಯೂ ಮಣ್ಣೂ ತುಂಬಿಕೊಂಡರೆ ನೀರು ಮತ್ತೆ ಹಳೆಯ ಜಾಡನ್ನೇ ಹಿಡಿಯುತ್ತದೆ. ಆದುದರಿಂದ ಯಾರಾದರೂ ವರ್ಷವರ್ಷವೂ ಬಂದು ಅದನ್ನು ತೋಡಿ ತೆಗೆಯುತ್ತಿರಬೇಕು. ನಮ್ಮ ಹಳ್ಳಿಗಳ ನೀರುಗಂಟಿಯನ್ನು ನೆನೆಸಿಕೊಂಡರೆ ಈ ಕೆಲಸದ ಸ್ವರೂಪ ಕೂಡಲೆ ತಿಳಿಯುತ್ತದೆ. ತೂಬು ತೆರೆಯುವುದು, ಕಾಲುವೆಯ ಹೂಳು ತೆಗೆಯುವುದು, ಯಾವ ಏರಿ ಎಲ್ಲಿ ಜಿನುಗುತ್ತಿದೆಯೆಂದು ಕಣ್ಣಿಟ್ಟಿರುವುದು ಇವೆಲ್ಲ ಅವನ ಪಾಲಿನ ಹೊಣೆಯಾಗಿದ್ದುವು.

ಅಲ್ಲಿ ಸುಮಾರು ಮೂವತ್ತು ಸಂಘಗಳು ದಾರಿಯನ್ನು ಹಂಚಿಕೊಂಡಿವೆ. ಸಂಘವು ತನ್ನ ಭಾಗವನ್ನು ಮತ್ತೆ ಕೆಲವೇ ಮೈಲಿಗಳ ತುಂಡುಗಳಾಗಿ ಸದಸ್ಯರಿಗೆ ಹಂಚುತ್ತದೆ. ಆ ಸದಸ್ಯನು ಶಾಲೆಯ ಉಪಾಧ್ಯಾಯನಿರಬಹುದು, ಬಡಗಿಯಿರಬಹುದು, ನಿವೃತ್ತಿ ಹೊಂದಿದ ಗುಮಾಸ್ತೆಯಿರಬಹುದು. ವರ್ಷಕ್ಕೆ ಕೆಲವು ಸಲ ಬಂದು ಅವನು ತನ್ನ ತುಂಡನ್ನು ನಡೆಯುತ್ತಾನೆ, ಚಾಚಿದ ಕೊಂಬೆ ಸವರುತ್ತಾನೆ, ಅಡ್ಡಗಟ್ಟೆ ತೋಡುತ್ತಾನೆ, ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿಯ ಗುರುತನ್ನು ಮರಗಳ ಮೇಲೆ ಮತ್ತೆ ಬಳಿಯುತ್ತಾನೆ. ಇಡೀ ದಾರಿಯಲ್ಲಿ ಇಂತಹ ಗುರುತುಗಳು ಒಂದೂವರೆ ಲಕ್ಷಕ್ಕೂ ಮಿಗಿಲು. ತಂಗುಮನೆಯ ಸೂರು, ಪಾಯಖಾನೆಯ ಗುಂಡಿ, ಗಡಿಯ ಕಲ್ಲು ಎಲ್ಲವನ್ನೂ ನೋಡಿ ಸಂಘಕ್ಕೆ ವರದಿ ಕೊಡುತ್ತಾನೆ. ಉರುಳಿದ ದೊಡ್ಡ ಮರವನ್ನು ಕೊಯ್ಯಲು ಮಾತ್ರ ತರಬೇತಿ ಪಡೆದು ಪರವಾನಗಿ ಉಳ್ಳವರೇ ಬರಬೇಕು. 1964ರ ಕಾಯಿದೆಯಂತೆ ವನ್ಯಪ್ರದೇಶವೆಂದು ಘೋಷಿತವಾದ ಕಡೆಗಳಲ್ಲಿ ಯಂತ್ರದ ಗರಗಸವನ್ನು ಬಳಸುವಂತಿಲ್ಲ. ಇಬ್ಬರು ಎದುರುಬದುರು ನಿಂತು ಎಳೆಯುವ ಹಳೆಯ ಕೈಗರಗಸವೇ ಗತಿ. ಒಂದು ಮಗ್ಗುಲು ಕೊಡಲಿ, ಇನ್ನೊಂದು ಮಗ್ಗುಲು ಗುದ್ದಲಿಯಾದ ಪುಲಾಸ್ಕಿ ಎಂಬ ಹತಾರು ಅವರಿಗೆ ಬಹಳ ಪ್ರಿಯ. ಅರಣ್ಯ ಇಲಾಖೆಯ ಒಬ್ಬ ರೇಂಜರನ ಹೆಸರು ಅದಕ್ಕೆ ಬಂದಿದೆ.

ಈ ಕೊರೋನಾ ಮಹಾಮಾರಿಗೆ ಮುಂಚಿನ ವರ್ಷಗಳಲ್ಲಿ ಸುಮಾರು 6,000 ಮಂದಿ ವರ್ಷಕ್ಕೆ ಸುಮಾರು 2 ಲಕ್ಷ ಗಂಟೆಗಳ ಕೆಲಸವನ್ನು ಈ ದಾರಿಗಾಗಿ ಮಾಡುತ್ತಿದ್ದರು. ಭಾಗಿಸಿ ನೋಡಿದರೆ ತಲೆಗೆ 33 ಗಂಟೆಯಾಯಿತು. ಅಂದರೆ ವರ್ಷಕ್ಕೆ ನಾಲ್ಕು ದಿನದ ದುಡಿಮೆ. ಈ ಲೆಕ್ಕ ನನ್ನನ್ನು ತಡೆದು ನಿಲ್ಲಿಸಿತು. ನಾಲ್ಕು ದಿನ! ನಮ್ಮ ಹುಡುಗರು ಒಂದೇ ದಿನದಲ್ಲಿ ಹನ್ನೊಂದು ಚೀಲ ತುಂಬಿರಲಿಲ್ಲವೆ? ನಮ್ಮಲ್ಲಿ ಕೊರತೆಯಾದುದು ಶ್ರಮವಲ್ಲ. ಅದೇ ತುಂಡು ನೆಲಕ್ಕೆ, ಅದೇ ಮನುಷ್ಯ, ಮರುವರ್ಷವೂ ಬರುವ ಏರ್ಪಾಡು ನಮ್ಮಲ್ಲಿರಲಿಲ್ಲ. 'ಎಲ್ಲರ ದಾರಿ' ಎಂದಾಗ ಅದು ಯಾರ ದಾರಿಯೂ ಅಲ್ಲ; 'ಈ ಮೂರು ಮೈಲಿ ನಿನ್ನದು' ಎಂದಾಗ ಅದನ್ನು ಕಾಯುವವನೊಬ್ಬ ಹುಟ್ಟುತ್ತಾನೆ.

ಬಿಟ್ಟಿಯೂ ಸೇವೆಯೂ

ಕನ್ನಡದ ಪಾಠ ಹೇಳುವವನಾದ ನನಗೆ ಇಲ್ಲೊಂದು ಮಾತಿನ ವಿಚಾರ ಬಿಡದೆ ಕಾಡುತ್ತದೆ. ಸಂಬಳವಿಲ್ಲದ ದುಡಿಮೆಗೆ ನಮ್ಮಲ್ಲಿ ಇರುವ ಹಳೆಯ ಹೆಸರು 'ಬಿಟ್ಟಿ'. ಅದು ಸಂಸ್ಕೃತದ 'ವಿಷ್ಟಿ' ಎಂಬುದರ ತದ್ಭವ. ದೊರೆಯ, ಪಾಳೆಯಗಾರನ, ಅಧಿಕಾರಿಯ ಕೆಲಸವನ್ನು ಬಡವನು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಬಲವಂತದ ಚಾಕರಿಯದು. ನಮ್ಮ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿಯೇ ಅದರ ಹೆಸರು ಬರುತ್ತದೆ. ಸ್ವತಂತ್ರ ಭಾರತದ ಸಂವಿಧಾನ ತನ್ನ 23ನೆಯ ವಿಧಿಯಲ್ಲಿ ಅದನ್ನು ನಿಷೇಧಿಸಿತು. ಶತಮಾನಗಳ ಕಾಲ ರಸ್ತೆ ಕಟ್ಟುವುದು, ಹೊರೆ ಹೊರುವುದು ಬಿಟ್ಟಿಯಾಗಿದ್ದ ನಾಡಿನಲ್ಲಿ, ಸರ್ಕಾರದ ನೆಲದ ಮೇಲೆ ಕೂಲಿಯಿಲ್ಲದೆ ಗುದ್ದಲಿ ಹಿಡಿ ಎಂದರೆ ಜನರು ಹಿಂಜರಿಯುವುದು ಸಹಜ. ಅದನ್ನು ಸೋಮಾರಿತನವೆಂದು ಜರೆಯುವವರು ಚರಿತ್ರೆಯನ್ನು ಮರೆತವರು.

ಹಾಗಾದರೆ ಸೇವೆಗೂ ಬಿಟ್ಟಿಗೂ ಗೆರೆ ಎಲ್ಲಿ? ಮನಸ್ಸಿಟ್ಟು ಮಾಡಿದರೆ ಸೇವೆ, ಬಲವಂತವಾದರೆ ಬಿಟ್ಟಿ ಎಂಬ ಉತ್ತರ ಸಾಲದೆಂದು ನನಗೆ ತೋರುತ್ತದೆ. ಅಮೆರಿಕದವರು 1970ರಲ್ಲಿ ರಾಷ್ಟ್ರೀಯ ಉದ್ಯಾನಗಳಿಗೂ 1972ರಲ್ಲಿ ರಾಷ್ಟ್ರೀಯ ಅರಣ್ಯಗಳಿಗೂ ಸ್ವಯಂಸೇವಕರ ಕಾಯಿದೆಗಳನ್ನು ಮಾಡಿದರು. ಅವುಗಳ ಪ್ರಕಾರ ಸ್ವಯಂಸೇವಕನಿಗೆ ಸಂಬಳವಿಲ್ಲ. ಆದರೆ ಅವನ ಕೈಯಿಂದಾದ ಖರ್ಚನ್ನು ಕೊಡಬಹುದು, ಕೆಲಸದಲ್ಲಿ ಗಾಯವಾದರೆ ನೌಕರನಿಗೆ ಸಲ್ಲುವ ಪರಿಹಾರ ಅವನಿಗೂ ಸಲ್ಲುತ್ತದೆ. ತರಬೇತಿಯುಂಟು, ಹತಾರುಂಟು. ಎಲ್ಲಕ್ಕಿಂತ ಮಿಗಿಲಾಗಿ, ಮಾಡುವ ಕೆಲಸದ ಬಗೆಗೆ ಮಾತಾಡುವ ಅಧಿಕಾರವುಂಟು. ದುಡಿಮೆಯನ್ನು ಮಾತ್ರ ಕೇಳಿ ಅಧಿಕಾರವನ್ನು ಕೊಡದಿದ್ದರೆ ಅದು ಹೊಸ ಹೆಸರಿನ ಬಿಟ್ಟಿಯೇ.

ಇನ್ನೊಂದು ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. 2018ರ ಡಿಸೆಂಬರ್ ಕೊನೆಯಿಂದ 2019ರ ಜನವರಿಯವರೆಗೆ, ಆಯವ್ಯಯದ ಜಗಳದಿಂದಾಗಿ ಅಲ್ಲಿನ ಕೇಂದ್ರ ಸರ್ಕಾರದ ಅನೇಕ ಇಲಾಖೆಗಳು 35 ದಿನ ಬಾಗಿಲು ಹಾಕಿದುವು. ಹಲವು ರಾಷ್ಟ್ರೀಯ ಉದ್ಯಾನಗಳು ಮಾತ್ರ ತೆರೆದೇ ಇದ್ದುವು, ನೋಡಿಕೊಳ್ಳುವವರಿಲ್ಲ. ಕಸದ ಡಬ್ಬಿಗಳು ಉಕ್ಕಿದುವು, ಪಾಯಖಾನೆಗಳು ನಾರಿದುವು. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದಲ್ಲಿ ಊರಿನ ಜನರೇ ಬಂದು ಪಾಯಖಾನೆ ತೊಳೆದು ಕಸ ಸಾಗಿಸಿದರು. ಆದರೂ ಆ ದಿನಗಳಲ್ಲಿ ಕಾನೂನು ಮೀರಿ ಒಳಗೆ ವಾಹನ ಓಡಿಸಿದವರನ್ನೂ ಗಿಡಮರಗಳಿಗೆ ಹಾನಿ ಮಾಡಿದವರನ್ನೂ ತಡೆಯುವುದು ಅವರಿಂದಾಗಲಿಲ್ಲ. ಸ್ವಯಂಸೇವಕನು ಸರ್ಕಾರದ ಕೈಯನ್ನು ಬಲಪಡಿಸಬಲ್ಲ. ಸರ್ಕಾರವಿಲ್ಲದ ಜಾಗದಲ್ಲಿ ಸರ್ಕಾರವಾಗಲಾರ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಅಪಲಾಚಿಯನ್ ದಾರಿಯ ದಕ್ಷಿಣ ಭಾಗದಲ್ಲಿ ನೂರಾರು ಮೈಲಿ ಮರಗಳನ್ನು ಕೆಡವಿದಾಗ ಈ ಎರಡೂ ಕೈಗಳು ಒಟ್ಟಿಗೆ ಬೇಕಾದುವು. ಗರಗಸ ಹಿಡಿದ ಸಂಘದವರು ತಿಂಗಳುಗಟ್ಟಲೆ ದುಡಿದು ದಾರಿ ಬಿಡಿಸಿದರು. ಕೊಚ್ಚಿಹೋದ ಸೇತುವೆಗಳನ್ನು ಕಟ್ಟುವುದು ಸರ್ಕಾರದ ಹಣದಿಂದಲೇ ಆಗಬೇಕಾದ ಕೆಲಸ.

ನಮ್ಮ ಬೆಟ್ಟಗಳು

ಈಗ ನಮ್ಮ ಕಡೆಗೆ ತಿರುಗೋಣ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, 1,712 ಮೀಟರು ಎತ್ತರದ ಕುಮಾರಪರ್ವತಕ್ಕೆ ಸಾವಿರಾರು ಜನರು ಒಮ್ಮೆಲೆ ನುಗ್ಗಿದ ಚಿತ್ರಗಳನ್ನು ವಾಚಕರು ಮರೆತಿರಲಾರರು. ಕಾಡಿನ ಕಿರುದಾರಿಯಲ್ಲಿ ಜಾತ್ರೆಯ ನೂಕುನುಗ್ಗಲು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ಕೂಡಲೆ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಅಂತರ್ಜಾಲದ ಮೂಲಕ ಮುಂಗಡ ಟಿಕೆಟು ಪಡೆದವರಿಗೆ ಮಾತ್ರ, ಒಂದೊಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿಯೊಳಗೆ, ಮತ್ತೆ ಅವಕಾಶ ಮಾಡಿಕೊಟ್ಟಿತು.

ಮಿತಿ ಹಾಕಿದುದು ಸರಿಯೇ. ನಮ್ಮ ಪಶ್ಚಿಮಘಟ್ಟ ಅಪಲಾಚಿಯನ್ ಅಲ್ಲ. ಇಲ್ಲಿ ಆನೆಯ ನಡೆದಾರಿಯಿದೆ, ಬೇಸಗೆಯ ಕಾಳ್ಗಿಚ್ಚಿದೆ, ಶೋಲೆಯ ಪಕ್ಕದ ಹುಲ್ಲುಗಾವಲಿದೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬಾರದೆಂದು 1972ರ ವನ್ಯಜೀವಿ ಕಾಯಿದೆಯೇ ಹೇಳುತ್ತದೆ. ಅಲ್ಲಿಯ ಏರ್ಪಾಡನ್ನು ಇಲ್ಲಿಗೆ ಹಾಗೆಯೇ ತಂದು ನೆಡಲಾಗದು. ಆದರೆ ಟಿಕೆಟು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ: ಎಷ್ಟು ಜನ ಹೋಗಬಹುದು ಎಂಬುದಕ್ಕೆ. ಹೋದವರು ತುಳಿದ ದಾರಿಯನ್ನು ಮಳೆಗಾಲದ ಮೊದಲು ಯಾರು ತೋಡುತ್ತಾರೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಟಿಕೆಟು ಕೊಂಡವನು ಗಿರಾಕಿಯಾಗುತ್ತಾನೆ. ಗಿರಾಕಿಗೆ ದೂರು ಹೇಳುವ ಹಕ್ಕಿದೆ, ಮರಳಿ ಬರುವ ಬಾಧ್ಯತೆಯಿಲ್ಲ.

ಮರಳಿ ಬರುವವರು ನಮ್ಮಲ್ಲಿ ಹುಟ್ಟಿಲ್ಲವೆಂದು ಹೇಳುವಂತಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಇಕ್ಕೆಲದಲ್ಲಿ ಸುಮಾರು 4 ಕಿಲೋಮೀಟರು ಉದ್ದಕ್ಕೆ ಆಲದ ಸಸಿ ನೆಟ್ಟು, ಗಂಡನೊಡನೆ ಕೊಡದಲ್ಲಿ ನೀರು ಹೊತ್ತು ಸಾಕಿದ ತಿಮ್ಮಕ್ಕ ನಮ್ಮವರೇ. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡಾಗ ನಾಡೆಲ್ಲ ಕಣ್ಣೀರಿಟ್ಟಿತು. ಆಕೆಯನ್ನು ನಾವು ಪವಾಡವೆಂದು ಪೂಜಿಸಿದೆವು. ಪವಾಡವಲ್ಲ, ತನ್ನದೆಂದು ತಿಳಿದ ನಾಲ್ಕು ಕಿಲೋಮೀಟರಿಗೆ ಮತ್ತೆ ಮತ್ತೆ ಮರಳಿದ ನಿಷ್ಠೆ. ಹಾಗಿದ್ದರೂ 2019ರಲ್ಲಿ ರಸ್ತೆ ಅಗಲಗೊಳಿಸುವ ಯೋಜನೆ ಬಂದಾಗ, ಆ ಮರಗಳನ್ನು ಉಳಿಸಿರೆಂದು ನೂರು ದಾಟಿದ ಆ ತಾಯಿಯೇ ಸರ್ಕಾರವನ್ನು ಬೇಡಬೇಕಾಯಿತು. ಮರಗಳು ಉಳಿದುವು. ಆದರೆ ತಾನು ಸಾಕಿದುದರ ಬಗೆಗೆ ಮಾತಾಡುವ ಹಕ್ಕು ಆಕೆಗೆ ಕೀರ್ತಿಯಿಂದ ಬಂದಿತೇ ಹೊರತು ಕಾನೂನಿನಿಂದ ಬರಲಿಲ್ಲ. ಕೀರ್ತಿಯಿಲ್ಲದ ತಿಮ್ಮಕ್ಕಂದಿರ ಪಾಡೇನು?

ಆದುದರಿಂದ ನನ್ನ ಸಲಹೆ ಬಹಳ ಸಣ್ಣದು. ಅಭಯಾರಣ್ಯದ ಒಳಭಾಗ ಇಲಾಖೆಯದೇ ಆಗಿರಲಿ. ಊರಿನ ಮಗ್ಗುಲಿನ, ದಿನವೂ ಜನರು ಹತ್ತುವ ಬೆಟ್ಟಗಳಲ್ಲಿ ಒಂದೊಂದು ಕಿಲೋಮೀಟರನ್ನು ಒಂದೊಂದು ಕಾಲೇಜಿಗೋ, ಯುವಕ ಸಂಘಕ್ಕೋ, ತಪ್ಪಲಿನ ಹಳ್ಳಿಗೋ ಐದು ವರ್ಷಗಳ ಅವಧಿಗೆ ಬರೆದು ಒಪ್ಪಿಸಲಿ. ಗುದ್ದಲಿ, ತರಬೇತಿ, ಗಾಯವಾದರೆ ಪರಿಹಾರ ಇಲಾಖೆ ಕೊಡಲಿ. ಕೆಳಗಿಳಿಸಿದ ಕಸವನ್ನು ಒಯ್ಯಲು ಗಾಡಿಯೊಂದು ಗೊತ್ತಾದ ದಿನ ಬರಲಿ. ದಾರಿಯ ಬಗೆಗೆ ಸಭೆ ನಡೆಯುವಾಗ ಆ ಸಂಘದವರಿಗೊಂದು ಕುರ್ಚಿ ಇರಲಿ. ತಪ್ಪಲಿನ ಬಡವರು ಕೂಲಿಯನ್ನು ಬಿಟ್ಟು ಬರುವುದಾದರೆ ಅವರಿಗೆ ಕೂಲಿಯನ್ನೇ ಕೊಡಲಿ; ಸಂಬಳ ಬರುವ ನಮ್ಮಂತಹವರು ನಾಲ್ಕು ಭಾನುವಾರಗಳನ್ನು ಕೊಡೋಣ.

ಕಳೆದ ತಿಂಗಳು ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆದು ಕೊಟ್ಟು ಬಂದೆ. ಬೆಟ್ಟದ ಬುಡದಿಂದ ಮೊದಲ ಮಂಟಪದವರೆಗಿನ ದಾರಿಯನ್ನು ಐದು ವರ್ಷ ನಮ್ಮ ಕಾಲೇಜಿಗೆ ವಹಿಸಬೇಕೆಂದು ಅದರಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಂದ ಮರಳುವಾಗ ತಪ್ಪಲಿನಲ್ಲಿ ಇಳಿದೆ. ಮುದುಕ ಇದ್ದ, ನನ್ನ ಗುರುತು ಹತ್ತಲಿಲ್ಲ. ಮಜ್ಜಿಗೆ ಕುಡಿದು, ಮಳೆಗಾಲ ಮುಗಿದ ಮೇಲಿನ ಮೊದಲ ಭಾನುವಾರ ಎಂಟು ಹುಡುಗರೊಡನೆ ಬರುತ್ತೇನೆಂದು ದಿನವನ್ನು ಹೇಳಿದೆ. ಅವನು ಬೆರಳು ಮಡಿಚಿ ವಾರಗಳನ್ನು ಎಣಿಸಿಕೊಂಡು, "ಆಯ್ತು, ದಾರಿ ಕಾಯ್ತೀನಿ ಬುಡಿ" ಎಂದ.